ಮುತ್ತಜ್ಜನ ಹೆಸರಿನ ಮುಂದೆ ಏನು ಬರೆದಿದೆ?

*ದಿನದ ಧಮ್ಮ ಚಿಂತನೆ*

ಇಂದಿನ ಅಧ್ಯಯನಕ್ಕೆ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಎರಡನೆಯ ಕಾಂಡವನ್ನು ತೆಗೆದುಕೊಳ್ಳೋಣ. ತಥಾಗತರು ಯಾರು ಯಾರನ್ನು ಧಮ್ಮಕ್ಕೆ ಕರೆದುಕೊಂಡರು ಎಂಬುದನ್ನು ಬಾಬಾಸಾಹೇಬರು ಅಲ್ಲಿ ಗುಂಪು ಮಾಡಿ ಹೇಳಿದ್ದಾರೆ. ಸಮಾಜ ಕೀಳೆಂದು ದೂರವಿಟ್ಟವರದು ಒಂದು ಭಾಗ. ಕ್ಷೌರಿಕ ಉಪಾಲಿ, ಕಸ ಗುಡಿಸುವ ಸುನೀತ, ಅಸ್ಪೃಶ್ಯ ಸೋಪಾಕ ಅಲ್ಲಿ ಬರುತ್ತಾರೆ. ಅಪರಾಧ ಮಾಡಿದವರದು ಬೇರೆಯೇ ಭಾಗ. ದರೋಡೆಕೋರ ಅಂಗುಲಿಮಾಲ ಬರುವುದು ಆ ಭಾಗದಲ್ಲಿ.

ಓದುವಾಗ ಇದು ಬರೀ ಪರಿವಿಡಿ ಅನ್ನಿಸಬಹುದು. ಆದರೆ ಒಂದು ಕ್ಷಣ ನಿಲ್ಲಿ. ಹುಟ್ಟು ಒಂದು ಸಂಗತಿ, ಮಾಡಿದ ಕೆಲಸ ಇನ್ನೊಂದು ಸಂಗತಿ. ಇವೆರಡನ್ನೂ ಒಂದೇ ಪುಟದಲ್ಲಿ ಬರೆಯಬಾರದು ಎಂಬುದು ಆ ಪರಿವಿಡಿಯಲ್ಲೇ ಇದೆ. ಒಂದೇ ಪುಟದಲ್ಲಿ ಬರೆದಾಗ ಏನಾಯಿತು ಎಂಬುದನ್ನು ನಮ್ಮ ಮನೆಯ ಉದಾಹರಣೆಯಿಂದಲೇ ಹೇಳುತ್ತೇನೆ.

*ಕಾಯ್ದೆ ಮಾಡಿದ್ದೇನು*

1871ರಲ್ಲಿ ಬ್ರಿಟಿಷ್ ಸರಕಾರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದಿತು. ಮೊದಲು ಉತ್ತರ ಭಾರತದಲ್ಲಿದ್ದ ಇದು 1911ರ ಹೊಸ ಕಾಯ್ದೆಯಿಂದ ದೇಶದ ಉಳಿದ ಕಡೆಗೂ ಹಬ್ಬಿತು. 1924ರಲ್ಲಿ ಅದನ್ನು ಮತ್ತೆ ಹೊಸದಾಗಿ ಬರೆದರು. ಒಂದು ಸಮುದಾಯದ ಹೆಸರು ಪಟ್ಟಿಗೆ ಸೇರಿದರೆ ಆ ಜನರನ್ನು ರಿಜಿಸ್ಟರಿನಲ್ಲಿ ದಾಖಲಿಸಿ ಬೆರಳಚ್ಚು ತೆಗೆದುಕೊಳ್ಳಬಹುದಿತ್ತು. ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು. ಪರವೂರಿಗೆ ಹೋಗಲು ಪಾಸ್ ಬೇಕು. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಸರಕಾರಕ್ಕಿತ್ತು. ಈ ಸಮುದಾಯವನ್ನು ಪಟ್ಟಿಗೆ ಸೇರಿಸಿದ್ದು ಸರಿಯೇ ಎಂದು ಯಾವ ಕೋರ್ಟೂ ಕೇಳುವಂತಿರಲಿಲ್ಲ.

ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರ ಕಡೆ ಇಂಥ ಜನರನ್ನು ಕೂಡಿಹಾಕುವ ಸೆಟ್ಲ್‌ಮೆಂಟುಗಳಾದವು. ಕೊರವರು, ಹರಣಶಿಕಾರಿಗಳು, ಘಂಟಿಚೋರರು ಈ ಕಾಯ್ದೆಗೆ ಸಿಕ್ಕವರು. ಕೊನೆಯ ಹೆಸರನ್ನು ಇನ್ನೊಮ್ಮೆ ಓದಿ. ಒಂದು ಸಮುದಾಯದ ಹೆಸರಿನಲ್ಲೇ 'ಚೋರ' ಎಂಬ ಮಾತು ಕೂತುಬಿಟ್ಟಿದೆ. ಅಲ್ಲಿ ಹುಟ್ಟಿದ ಕೂಸು ಕಣ್ಣು ಬಿಡುವ ಮೊದಲೇ ಆರೋಪಿ. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಆ ಜಾಗಕ್ಕೆ ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ.

ಕೊರವರು ಬುಟ್ಟಿ ಹೆಣೆಯುವವರು. ಅವರಲ್ಲಿ ಅನೇಕರು ಕತ್ತೆ, ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದರು. ರೈಲು ಬಂತು, ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು, ಆ ವ್ಯಾಪಾರ ಮುರಿದುಬಿತ್ತು. ಕಸುಬು ಹೋದ ಮೇಲೂ ತಿರುಗಾಟ ಉಳಿಯಿತು. ತಿರುಗುವವನನ್ನು ಪೊಲೀಸರು ಸಂಶಯದಿಂದಲೇ ನೋಡಿದರು.

*ಹುಡುಕಾಟ*

ನಮ್ಮದು ಸೆಟ್ಲ್‌ಮೆಂಟಿನಲ್ಲಿದ್ದ ಕೊರವರ ಮನೆ. ಅಪ್ಪನ ಕಾಲದಲ್ಲಿ ಧಮ್ಮಕ್ಕೆ ಬಂದೆವು. ಮುತ್ತಜ್ಜ ಜೈಲು ಕಂಡವನು ಎಂಬ ಮಾತು ಮನೆಯಲ್ಲಿ ಯಾವಾಗಲೂ ಇತ್ತು. ಯಾಕೆ ಎಂದು ಕೇಳಿದರೆ ಹಿರಿಯರು ಮಾತು ಬದಲಿಸುತ್ತಿದ್ದರು. ಅಕ್ಕನ ಮಗ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ಓದುತ್ತಿದ್ದಾಗ ಜೊತೆಯ ಹುಡುಗನೊಬ್ಬ, "ಕಳ್ಳರ ಮನ್ಯಾಗ ಪೊಲೀಸ ಹೆಂಗ ಹುಟ್ಟಿದನೋ" ಎಂದು ನಕ್ಕನಂತೆ. ಅವನು ಬಂದು, "ಮಾಮಾ, ನಿಮ್ಮ ಮುತ್ತಜ್ಜ ಖರೇನ ಕಳ್ಳ ಇದ್ನೇನ್ರಿ?" ಎಂದು ಕೇಳಿದ. "ಗೊತ್ತಿಲ್ಲಪ್ಪ, ಹುಡುಕಿ ಹೇಳ್ತೀನಿ" ಎಂದೆ.

ಹುಡುಕುವುದು ಹೇಗೆ ಎಂಬುದು ನಿಮ್ಮಲ್ಲಿ ಕೆಲವರಿಗೆ ಉಪಯೋಗವಾಗಬಹುದು. ಹಿರಿಯರಿಂದ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರೆದುಕೊಳ್ಳಿ. ಅಜ್ಜ ಶಾಲೆಗೆ ಹೋಗಿದ್ದರೆ ಆ ಶಾಲೆಯ ದಾಖಲಾತಿ ರಿಜಿಸ್ಟರ್ ಕೇಳಿ ನೋಡಿ. ತಂದೆಯ ಹೆಸರು, ಜಾತಿ ಅಲ್ಲಿ ಸಿಗುತ್ತವೆ. ಉತ್ತರ ಕರ್ನಾಟಕದ ಈ ಭಾಗ 1956ರವರೆಗೆ ಮುಂಬಯಿಗೆ ಸೇರಿತ್ತು. ಹಾಗಾಗಿ ಅಂದಿನ ಸರಕಾರದ ಕಡತಗಳಿಗೆ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರವನ್ನೂ ನೋಡಬೇಕಾಗುತ್ತದೆ.

ಹೆಸರು ಸಿಕ್ಕರೆ, ಮೊದಲು ನೋಡಬೇಕಾದದ್ದು ಶಿಕ್ಷೆ ಎಷ್ಟು ಎಂಬುದಲ್ಲ, *ಯಾವ ಕಲಂ* ಎಂಬುದು. ದಂಡ ಸಂಹಿತೆಯ 379 ಎಂದಿದ್ದರೆ ಕಳ್ಳತನ, 395 ಎಂದಿದ್ದರೆ ದರೋಡೆ. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 109 ಅಥವಾ 110 ಎಂದಿದ್ದರೆ ಮುಂದೆ ಸರಿಯಾಗಿ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡದ್ದು. ಅದು ಸಂಶಯದ ಮೇಲೂ ಆಗುತ್ತಿತ್ತು. ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಎಂದಿದ್ದರೆ ಹಾಜರಿ ತಪ್ಪಿದ್ದಿರಬಹುದು, ಪಾಸಿಲ್ಲದೆ ಊರು ದಾಟಿದ್ದಿರಬಹುದು. ಈ ಎಲ್ಲದಕ್ಕೂ ಹಾಳೆಯ ಮೇಲೆ ಇರುವುದು 'ಶಿಕ್ಷೆ' ಎಂಬ ಒಂದೇ ಶಬ್ದ. ಕೆಲವು ಅಪರಾಧಗಳಲ್ಲಿ ಎರಡನೆಯ ಸಲ ಸಿಕ್ಕಿಬಿದ್ದರೆ ಪಟ್ಟಿಯಲ್ಲಿದ್ದವನಿಗೆ ಕನಿಷ್ಠ 7 ವರ್ಷ ಎಂದು ಕಾಯ್ದೆ ಹೇಳುತ್ತಿತ್ತು. ಅದೇ ತಪ್ಪನ್ನು ಪಟ್ಟಿಯಲ್ಲಿಲ್ಲದವನು ಮಾಡಿದರೆ ಆ ಕಡ್ಡಾಯ ಅವನಿಗಿರಲಿಲ್ಲ.

ಬಹಳ ದಿನಗಳ ಮೇಲೆ ಮುತ್ತಜ್ಜನ ಹೆಸರಿದ್ದ ಹಾಳೆಯ ನಕಲು ಕೈಗೆ ಬಂತು. ಐದು ನಮೂದುಗಳು. ನಾಲ್ಕು ಹಾಜರಿ ತಪ್ಪಿದ್ದು, ಪಾಸಿಲ್ಲದೆ ಹೋದದ್ದು. ಒಂದು 379. ಕದ್ದ ವಸ್ತು ಜೋಳ.

ಆ ನಾಲ್ಕರ ಬಗ್ಗೆ ನಮ್ಮ ಸೋದರತ್ತೆ ತನ್ನ ಅಪ್ಪನಿಂದ ಕೇಳಿದ್ದನ್ನು ಹೇಳಿದಳು: "ಮಗಳು ಹಡದಾಳಂತ ಸುದ್ದಿ ಬಂತು, ಕೂಸು ನೋಡಾಕ ರಾತ್ರಿ ನಡಕೋತ ಹೋಗಿದ್ದನಂತ. ಮುಂಜಾನೆ ಹಾಜರಿಗೆ ಇರಲಿಲ್ಲ. ಹಿಡಕೊಂಡು ಹೋದ್ರು." ನಾನು ದಿನವೂ ತರಗತಿಯಲ್ಲಿ ಹಾಜರಿ ತೆಗೆದುಕೊಳ್ಳುವವನು. ಮಗು ಬರದಿದ್ದರೆ ಮನೆಯಲ್ಲಿ ಏನಾಯಿತೋ ಎಂದು ವಿಚಾರಿಸುತ್ತೇವೆ. ಅಲ್ಲಿ ವಿಚಾರಿಸುವವರು ಇರಲಿಲ್ಲ.

*ಐದನೆಯ ನಮೂದು*

ಉಳಿದದ್ದು ಆ ಒಂದು 379. ಮನೆಯಲ್ಲಿ ಎರಡು ಸಲಹೆ ಬಂದವು. ಅದೊಂದನ್ನು ಬಿಟ್ಟು ಉಳಿದ ನಾಲ್ಕನ್ನೇ ಹುಡುಗನಿಗೆ ಹೇಳು ಎಂದರು ಒಬ್ಬರು. ಬ್ರಿಟಿಷರ ವಿರುದ್ಧ ತಿರುಗಿಬಿದ್ದವನು, ಅದಕ್ಕೇ ಜೈಲಿಗೆ ಹಾಕಿದರು ಎಂದು ಹೇಳೋಣ ಎಂದರು ಇನ್ನೊಬ್ಬರು. ಎರಡರ ಹಿಂದೆಯೂ ಪ್ರೀತಿಯಿದೆ, ನೋವಿದೆ. ಆದರೆ ನಾವು ಪಂಚಶೀಲ ತೆಗೆದುಕೊಂಡವರು. ಕದಿಯಬಾರದು ಎಂಬುದು ಎರಡನೆಯ ಶೀಲವಾದರೆ ಸುಳ್ಳು ಹೇಳಬಾರದು ಎಂಬುದು ನಾಲ್ಕನೆಯದು. ಮುತ್ತಜ್ಜ ಎರಡನೆಯದನ್ನು ಮುರಿದದ್ದನ್ನು ಮುಚ್ಚಲು ನಾವು ನಾಲ್ಕನೆಯದನ್ನು ಮುರಿಯಬೇಕೇ?

ಇಲ್ಲಿ ಅಂಗುಲಿಮಾಲನ ಪ್ರಸಂಗವನ್ನು ನೆನೆಯೋಣ. ಅವನು ಜನರನ್ನು ಕೊಂದವನು. ತಥಾಗತರು ಅವನು ನಿರಪರಾಧಿ ಎಂದು ಎಲ್ಲಿಯೂ ಹೇಳಲಿಲ್ಲ. ಅವನನ್ನು ಹಿಡಿಯಲು ಕೋಸಲದ ರಾಜ ಪಸೇನದಿ 500 ಕುದುರೆ ಸವಾರರೊಂದಿಗೆ ಹೊರಟು ದಾರಿಯಲ್ಲಿ ತಥಾಗತರನ್ನು ಕಾಣಲು ಬಂದ. ಆ ಅಂಗುಲಿಮಾಲ ತಲೆ ಬೋಳಿಸಿ, ಚೀವರ ಉಟ್ಟು, ಶೀಲವಂತನಾಗಿ ಬದುಕುತ್ತಿರುವುದನ್ನು ಕಂಡರೆ ಏನು ಮಾಡುತ್ತೀ ಎಂದು ತಥಾಗತರು ಕೇಳಿದರು. ನಮಸ್ಕರಿಸುತ್ತೇನೆ, ಬೇಕಾದದ್ದನ್ನು ಒದಗಿಸುತ್ತೇನೆ ಎಂದ ರಾಜ. ಆಮೇಲೆ ಭಿಕ್ಷೆಗೆ ಹೋದಾಗ ಜನ ಎಸೆದ ಕಲ್ಲು, ಹೆಂಟೆಗಳು ಬಿದ್ದು ಅಂಗುಲಿಮಾಲನ ತಲೆ ಒಡೆಯಿತು, ಪಾತ್ರೆ ಒಡೆಯಿತು. ಸಹಿಸಿಕೋ ಎಂದರು ತಥಾಗತರು. ಮಾಡಿದ್ದರ ಫಲವನ್ನು ಮಾಡಿದವನೇ ಉಂಡ. ಅವನ ಅಪ್ಪನ ಮೇಲಾಗಲಿ ಅವನು ಹುಟ್ಟಿದ ಕುಲದ ಮೇಲಾಗಲಿ ಅದನ್ನು ಹೊರಿಸಲಿಲ್ಲ.

ಈಗ ಮುತ್ತಜ್ಜನ ಲೆಕ್ಕ ನೋಡಿ. ಜೋಳ ಕದ್ದದ್ದು ಅವನ ಕೆಲಸ. ಅದಕ್ಕೆ ಶಿಕ್ಷೆ ಅನುಭವಿಸಿದ, ಅಲ್ಲಿಗೆ ಮುಗಿಯಿತು. ಆದರೆ ಅವನ ಮಗ, ಅಂದರೆ ನಮ್ಮಜ್ಜ, ಏನೂ ಕದಿಯದೆ ಬೇಲಿಯೊಳಗೆ ಬೆಳೆದ. ಮಗಳ ಕೂಸು ನೋಡಲು ಹೋದದ್ದು ಅಪರಾಧವಾಯಿತು. ಇದು ಮುತ್ತಜ್ಜನ ಕರ್ಮದ ಫಲವಲ್ಲ, ಕಾಯ್ದೆ ಮಾಡಿದವರ ಕರ್ಮ. ಹಿಂದಿನ ಜನ್ಮದ ಪಾಪದಿಂದ ಇಂಥ ಹುಟ್ಟು ಬಂತು ಎಂಬ ಮಾತನ್ನು ಬಾಬಾಸಾಹೇಬರು ತಳ್ಳಿಹಾಕಿದ್ದು ಇದಕ್ಕೇ. 1948ರಲ್ಲಿ ಪ್ರಕಟವಾದ 'ದಿ ಅನ್‌ಟಚಬಲ್ಸ್' ಗ್ರಂಥದ ಮುನ್ನುಡಿಯಲ್ಲಿ ಅವರು 5 ಕೋಟಿ ಅಸ್ಪೃಶ್ಯರು, ಒಂದೂವರೆ ಕೋಟಿ ಆದಿವಾಸಿಗಳ ಜೊತೆಗೆ 'ಅಪರಾಧಿ' ಎನಿಸಿಕೊಂಡ 2 ಕೋಟಿ ಜನರನ್ನೂ ಎಣಿಸಿದ್ದಾರೆ. ತಪ್ಪನ್ನು ಆ ಜನರಲ್ಲಿ ಹುಡುಕದೆ, ಇಂಥ ವರ್ಗಗಳನ್ನು ಹುಟ್ಟಿಸಿದ ನಾಗರಿಕತೆಯನ್ನೇ ಪ್ರಶ್ನಿಸಿದ್ದಾರೆ.

ಆ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ಆದರೂ ಜೈಲು ಕೈಪಿಡಿಗಳಲ್ಲಿ ಹಳೆಯ ಮಾತುಗಳು ಉಳಿದುಕೊಂಡಿದ್ದವು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು. ಹುಟ್ಟನ್ನೂ ಕೆಲಸವನ್ನೂ ಒಂದೇ ಹಾಳೆಯಲ್ಲಿ ಬರೆಯುವ ಚಟ ಅಷ್ಟು ಹಳೆಯದು.

ಅಕ್ಕನ ಮಗನಿಗೆ ಐದೂ ನಮೂದು ತೋರಿಸಿದೆ. "ಒಂದು ಸಲ ಜೋಳ ಕದ್ದಾನ. ನಾಲ್ಕು ಸಲ ಅವನ ಸ್ವಾತಂತ್ರ್ಯಾನ ಅವರು ಕದ್ದಾರ. ಕೇಳಿದವರಿಗೆ ಎರಡೂ ಹೇಳು" ಎಂದೆ. ಸುಮ್ಮನೆ ಓದಿದ, ಫೋನಿನಲ್ಲಿ ಫೋಟೋ ತೆಗೆದುಕೊಂಡ.

*ಇಂದಿನ ಮನನಕ್ಕೆ*

1. ನಮ್ಮ ಮನೆಯಲ್ಲಿ ಹಿರಿಯರು ಮಾತು ಬದಲಿಸುವ ವಿಷಯ ಯಾವುದು? ಅವರು ಇರುವಾಗಲೇ ಗೌರವದಿಂದ ಕೂತು ಕೇಳಿದ್ದೇವೆಯೇ?

2. ಹಿರಿಯರ ತಪ್ಪನ್ನು ನಾಚಿಕೆಯಾಗಿ ಹೊರುತ್ತಿದ್ದೇವೆಯೇ? ಹಿರಿಯರ ಒಳಿತನ್ನು ನಮ್ಮದೇ ಗಳಿಕೆಯೆಂದು ಮೆರೆಯುತ್ತಿದ್ದೇವೆಯೇ?

3. ಬೀದಿಯಲ್ಲಿ ಕಳುವಾದಾಗ ನಮ್ಮ ಮನಸ್ಸು ಮೊದಲು ಯಾವ ಓಣಿಯ ಕಡೆ ತಿರುಗುತ್ತದೆ? ನಮ್ಮ ಮೇಲೆ ಹೊರಿಸಿದ ಅದೇ ಪಟ್ಟಿಯನ್ನು ಇನ್ನೊಬ್ಬರಿಗಾಗಿ ನಾವೇ ಇಟ್ಟುಕೊಂಡಿಲ್ಲ ತಾನೇ?

ಮೂರನೆಯ ಪ್ರಶ್ನೆಗೆ ಇವತ್ತು ಹೆಚ್ಚು ಹೊತ್ತು ಕೊಡಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.