ವಾಯಿದೆ ಮೇಲೆ ವಾಯಿದೆ ಯಾಕೆ? ಬೇಗ ನ್ಯಾಯ ಪಡೆಯುವುದು ನಮ್ಮ ಹಕ್ಕು



“ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆ ನಮಗೆಲ್ಲ ಗೊತ್ತು. ಗೆದ್ದವನೂ ಯಾಕೆ ಸೋಲುತ್ತಾನೆ? ತೀರ್ಪು ಬರುವಷ್ಟರಲ್ಲಿ ವಯಸ್ಸು, ಹಣ, ನೆಮ್ಮದಿ ಎಲ್ಲ ಕಳೆದುಹೋಗಿರುತ್ತದೆ. ಸುಂಕಸಾಳದ ಕಡೆಯ ಹೆಂಗಸು ಅಂಕೋಲಾ ಕೋರ್ಟಿಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿಗೆ ಟಿಕೆಟ್ ಹಣ ಬೇಡ. ಆದರೆ ಹೋದ ಕೂಲಿ ಯಾರು ಕೊಡುತ್ತಾರೆ? ಸಂಜೆಯವರೆಗೆ ಕೂತರೂ ಸಿಗುವುದು ಇನ್ನೊಂದು ವಾಯಿದೆ. ಹೀಗೆ ವರ್ಷಗಳು ಕಳೆದರೆ “ಸಾಕಪ್ಪ ಸಾಕು” ಎಂದು ಎಷ್ಟೋ ಮಂದಿ ಕೇಸು ಕೈಬಿಡುತ್ತಾರೆ. ಅನ್ಯಾಯ ಮಾಡಿದವರಿಗೆ ಬೇಕಾದದ್ದೂ ಅದೇ.

ನಮ್ಮ ಜಿಲ್ಲೆಯ ಅನುಭವ

ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆ ಆಯಿತು. ಅರಗಾ, ಬಿಣಗಾ, ಚೆಂಡಿಯಾ, ಹಾರವಾಡ ಮೊದಲಾದ ಕಾರವಾರ, ಅಂಕೋಲಾ ತಾಲೂಕುಗಳ ಊರುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲ ದಂಡೆ ಬಿಟ್ಟುಕೊಟ್ಟವು. ಸಿಕ್ಕ ಪರಿಹಾರ ಬಹಳ ಕಡಿಮೆ ಎಂದು ಜನ ಕೋರ್ಟಿಗೆ ಹೋದರು. ಕೋರ್ಟು ಹೆಚ್ಚು ಮಾಡಿತು. ಮತ್ತೆ ಮೇಲಿನ ಕೋರ್ಟು, ಮತ್ತೆ ಅಪೀಲು. ನೌಕಾನೆಲೆ 2005ರಲ್ಲಿ ಕೆಲಸ ಶುರು ಮಾಡಿತು. ಪರಿಹಾರಕ್ಕೆ ಕಾಯುವವರು 2010ರ ನಂತರವೂ ಇದ್ದರು. ಜಾಗ ಕೊಟ್ಟ ಹಿರಿಯರಲ್ಲಿ ಹಲವರು ಪೂರ್ತಿ ಹಣ ನೋಡದೆಯೇ ತೀರಿಹೋದರು.

ಇದರಲ್ಲಿ ಇನ್ನೊಂದು ಪಾಠವೂ ಇದೆ. ಭೂಸ್ವಾಧೀನ ಕಾಯ್ದೆಯ 28ಎ ಕಲಮಿನಂತೆ, ತಾನು ಕೋರ್ಟಿಗೆ ಹೋಗದವರೂ ನೆರೆಯವರಿಗೆ ಹೆಚ್ಚಾದ ದರ ಕೇಳಬಹುದಿತ್ತು. ಆದರೆ ಕೋರ್ಟಿನ ತೀರ್ಪಿನಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. 2013ರ ಹೊಸ ಕಾಯ್ದೆಯಲ್ಲೂ ಇದೇ ಮೂರು ತಿಂಗಳು. ನೋಡಿ, ನಮಗೆ ಗಡುವು ತಿಂಗಳುಗಳ ಲೆಕ್ಕದಲ್ಲಿ. ನ್ಯಾಯ ಬರುವುದು ವರ್ಷಗಳ ಲೆಕ್ಕದಲ್ಲಿ. ಆದ್ದರಿಂದ ನಾವು ಎಚ್ಚರ ಇರಬೇಕು.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 21ನೇ ವಿಧಿ ಜೀವಿಸುವ ಹಕ್ಕು ಕೊಟ್ಟಿದೆ. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಸ್ಥಿತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅಪರಾಧಕ್ಕೆ ಇರುವ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದ ಬಡವರು ಅಲ್ಲಿದ್ದರು. ಬೇಗ ವಿಚಾರಣೆ ನಡೆಯುವುದು 21ನೇ ವಿಧಿಯ ಭಾಗವೇ ಎಂದು ಕೋರ್ಟು ಹೇಳಿತು. 2002ರಲ್ಲಿ ನಮ್ಮ ಕರ್ನಾಟಕದ್ದೇ ಆದ ರಾಮಚಂದ್ರ ರಾವ್ ಪ್ರಕರಣದಲ್ಲಿ ಏಳು ನ್ಯಾಯಾಧೀಶರು ಇದನ್ನೇ ಎತ್ತಿ ಹಿಡಿದರು. ಆದರೆ ಎಲ್ಲ ಕೇಸಿಗೂ ಒಂದೇ ಗಡುವು ಹಾಕಲು ಬರುವುದಿಲ್ಲ ಎಂದರು.

ಹೆಂಗಸರಿಗೆ ಮುಖ್ಯವಾದವು ಇವು:

* ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005: ಅರ್ಜಿ ಹಾಕಿದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು. ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು.
* ಜೀವನಾಂಶ: ಗಂಡನಿಗೆ ನೋಟೀಸು ಮುಟ್ಟಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಮಧ್ಯಂತರ ಜೀವನಾಂಶದ ಅರ್ಜಿ ತೀರ್ಮಾನ ಆಗಬೇಕು. ತಡವಾದರೂ, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿದು ಕೊಡಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.
* ಜಮೀನು, ಪಾಲಿನ ದಾವೆ: ವಿಚಾರಣೆ ನಡೆಯುವಾಗ ಒಂದು ಪಕ್ಷದವರಿಗೆ ಸಾಮಾನ್ಯವಾಗಿ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದು.

ನಾವು ಮಾಡಬೇಕಾದದ್ದು

1. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಮಾತು. ತಾಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.
2. ಕೇಸು ನಂಬರು, ಮುಂದಿನ ವಾಯಿದೆ, ಅಂದು ಏನಾಯಿತು, ಈ ಮೂರನ್ನು ಪುಸ್ತಕದಲ್ಲಿ ಬರೆದಿಡಿ. ಮೊಬೈಲಿನ ಇ-ಕೋರ್ಟ್ಸ್ ಆಪ್‌ನಲ್ಲಿ ಮಕ್ಕಳಿಂದ ನೋಡಿಸಿ.
3. ಎದುರು ಪಕ್ಷದವರ ಸರಿಯಾದ ವಿಳಾಸ ಕೊಡಿ. ಸಮನ್ಸ್ ಮುಟ್ಟದೆಯೇ ಎಷ್ಟೋ ತಿಂಗಳು ಹೋಗುತ್ತದೆ.
4. ನಮ್ಮ ಕಡೆಯಿಂದ ತಡ ಆಗಬಾರದು. ಎದುರಿನವರು ಸುಮ್ಮನೆ ಮುಂದೂಡುತ್ತಿದ್ದರೆ ಆಕ್ಷೇಪಣೆ ಹಾಕಲು, ಬೇಗ ವಿಚಾರಣೆಗೆ ಅರ್ಜಿ ಕೊಡಲು ವಕೀಲರಿಗೆ ಹೇಳಿ. ಕೇಳಲು ಹೆದರಬೇಡಿ.
5. ಸಿವಿಲ್ ದಾವೆಯಲ್ಲಿದ್ದ ಮನೆಯವರು ತೀರಿಹೋದರೆ 90 ದಿನದೊಳಗೆ ವಾರಸುದಾರರ ಹೆಸರು ಸೇರಿಸಬೇಕು. ಹೆಂಡತಿ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿ.
6. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಕೋರ್ಟು ಶುಲ್ಕ ವಾಪಸ್ಸು ಸಿಗುತ್ತದೆ, ಕೇಸು ಅಂದೇ ಮುಗಿಯುತ್ತದೆ. ಆದರೆ ಆಮೇಲೆ ಅಪೀಲು ಇಲ್ಲ. ಓದಿಸಿ, ಅರ್ಥ ಮಾಡಿಕೊಂಡು ಸಹಿ ಹಾಕಿ. ಬೇಗ ಮುಗಿಯಲಿ ಎಂದು ಹಕ್ಕನ್ನೇ ಬಿಟ್ಟುಕೊಡಬೇಡಿ.

ಕೋರ್ಟಿಗೆ ಒಬ್ಬಳೇ ಹೋಗುವವಳಿಗೆ ಧೈರ್ಯ ಕಡಿಮೆ. ಸಂಘದಿಂದ ಒಬ್ಬರು ಜೊತೆಗೆ ಹೋದರೆ ಅದೇ ದೊಡ್ಡ ಬಲ. ಸಾಲ ಮರುಪಾವತಿಯ ಲೆಕ್ಕ ಇಡುವ ನಮಗೆ ವಾಯಿದೆಯ ಲೆಕ್ಕ ಇಡುವುದು ಕಷ್ಟವಲ್ಲ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ ಯಾರ ಯಾರ ಕೇಸು ಎಷ್ಟು ವರ್ಷದಿಂದ ನಡೆಯುತ್ತಿದೆ? ತಡ ಆಗಲು ಕಾರಣ ಏನು?
2. ಮುಂದಿನ ವಾಯಿದೆಗೆ ಅವರ ಜೊತೆ ಯಾರು ಹೋಗುತ್ತೀರಿ?