ಉಂಡ ಮೇಲಿನ ಸ್ತುತಿ

ಊಟಕ್ಕೆ ಕುಳಿತಾಗ ದೇವರನ್ನು ನೆನೆಯುವದು ನಮ್ಮಲ್ಲಿ ಅನೇಕರಿಗೆ ಬಾಲ್ಯದಿಂದ ಬಂದ ಅಭ್ಯಾಸವು. ಆದರೆ ಉಂಡು ಏಳುವಾಗ ನೆನೆಯುವವರು ಎಷ್ಟು ಮಂದಿ? ಈ ವಿಷಯದಲ್ಲಿ ಯೆಹೂದ್ಯರ ಧರ್ಮಶಾಸ್ತ್ರದಿಂದ ನಾವು ಕಲಿಯತಕ್ಕ ಪಾಠವೊಂದುಂಟು.

ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಮೋಶೆಯು, ಜನರು ಉಂಡು ತೃಪ್ತರಾದಾಗ ಆ ಒಳ್ಳೇ ನಾಡನ್ನು ಕೊಟ್ಟಾತನನ್ನು ಸ್ತುತಿಸಬೇಕೆಂದು ವಿಧಿಸುತ್ತಾನೆ. ಹೊಟ್ಟೆ ತುಂಬಿ, ಮನೆಗಳೆದ್ದು, ದನಕುರಿಗಳು ಹೆಚ್ಚಿದಾಗ ಮನಸ್ಸು ಉಬ್ಬಿ ದೇವರನ್ನು ಮರೆತೀತೆಂದು ಅಲ್ಲಿಯೇ ಎಚ್ಚರಿಸುತ್ತಾನೆ. ಹಸಿದವನು ಬೇಡುವದು ಸಹಜ. ಹೊಟ್ಟೆ ತುಂಬಿದವನು ನೆನೆಯುವದು ಅಪರೂಪ. ಆದಕಾರಣವೇ ಈ ವಿಧಿಯು.

ರೊಟ್ಟಿಯ ಊಟವಾದ ಮೇಲೆ ಅವರು ನಾಲ್ಕು ಸ್ತುತಿಗಳನ್ನು ಹೇಳುವರು: ಆಹಾರಕ್ಕಾಗಿ, ನಾಡಿಗಾಗಿ, ಯೆರೂಸಲೇಮಿಗಾಗಿ, ದೇವರ ಒಳ್ಳೇತನಕ್ಕಾಗಿ. ಹೊಟ್ಟೆ ತುಂಬದಿದ್ದರೂ, ಎಣ್ಣೇಮರದ ಒಂದು ಕಾಯಿಯಷ್ಟು ರೊಟ್ಟಿ ತಿಂದವನು ಸಹ ಇದನ್ನು ಹೇಳಬೇಕೆಂಬದು ಪಂಡಿತರ ನಿರ್ಣಯವು. ಮೂವರು ಕೂಡಿ ಉಂಡರೆ ಒಬ್ಬನು ಉಳಿದವರನ್ನು ಸ್ತುತಿಗೆ ಕರೆಯಬೇಕು. ಕ್ರಿ. ಶ. 200ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಗ್ರಂಥವು ಸ್ತ್ರೀಯರಿಗೂ ಉಂಡ ಮೇಲಿನ ಸ್ತುತಿಯು ಕರ್ತವ್ಯವೆಂದು ಸ್ಪಷ್ಟವಾಗಿ ಹೇಳುತ್ತದೆ. ಅಡಿಗೆಮಾಡಿ ಬಡಿಸುವವಳು ಕಡೆಗೆ ಒಬ್ಬಳೇ ಉಂಡರೂ ಸ್ತುತಿಸುವ ಹೊಣೆಯು ಅವಳಿಗುಂಟು.

ಹಾಗಾದರೆ ನಮ್ಮ ಮಾಯಸಂದ್ರದ ರಾಗಿಮುದ್ದೆಯ ಗತಿಯೇನು? ನಮ್ಮ ತೋಟಗಳ ತೆಂಗಿನಕಾಯಿಯ ಗತಿಯೇನು? ಮೋಶೆಯು ಹೊಗಳಿದ ಏಳು ಬೆಳೆಗಳಲ್ಲಿ ಗೋದಿ, ದ್ರಾಕ್ಷೆ, ಅಂಜೂರಗಳಿವೆ, ರಾಗಿಯಿಲ್ಲ, ತೆಂಗಿಲ್ಲ. ಆದರೂ ಶಾಸ್ತ್ರವು ಇವುಗಳನ್ನು ಕೈಬಿಟ್ಟಿಲ್ಲ. ಇಂಥ ಆಹಾರಗಳನ್ನು ತಿಂದ ಮೇಲೆ ಹೇಳಲಿಕ್ಕೆ ಒಂದು ಚಿಕ್ಕ ಸ್ತುತಿಯುಂಟು. ನಾನಾ ಜೀವಿಗಳನ್ನೂ ಅವುಗಳ ಕೊರತೆಗಳನ್ನೂ ಉಂಟುಮಾಡಿದಾತನನ್ನು ಅದರಲ್ಲಿ ಕೊಂಡಾಡುವರು. ಕೊರತೆಯನ್ನು ಸಹ ಸ್ತುತಿಯಲ್ಲಿ ನೆನೆಯುವದು ಆಲೋಚಿಸತಕ್ಕ ಮಾತಲ್ಲವೇ? ನಮಗೆ ಕೊರತೆಯಿರುವದರಿಂದಲೇ ನಾವು ನೆಟ್ಟವನನ್ನೂ ಬೀಸಿದವಳನ್ನೂ ಆಶ್ರಯಿಸಿ ಬಾಳುತ್ತೇವೆ. ನಮ್ಮ ಹಿರಿಯರು ಉಂಡು ತೃಪ್ತರಾಗಿ, ಅನ್ನವಿಟ್ಟವರು ಸುಖವಾಗಿರಲೆಂದು ಹರಸುವದೂ ಈ ಅರಿವಿನಿಂದಲೇ.

ಸ್ತುತಿಸದೆ ಎದ್ದು ಹೋದವನು ಏನು ಮಾಡಬೇಕು? ಉಂಡ ಸ್ಥಳಕ್ಕೇ ಹಿಂದಿರುಗಿ ಹೇಳಬೇಕೆಂದು ಶಮ್ಮಾಯನ ಪಂಥದವರೂ, ನೆನಪಾದಲ್ಲಿಯೇ ಹೇಳಬಹುದೆಂದು ಹಿಲ್ಲೇಲನ ಪಂಥದವರೂ ವಾದಿಸಿದರು. ಉಂಡದ್ದು ಜೀರ್ಣವಾಗುವ ವರೆಗೆ ಅದಕ್ಕೆ ಅವಧಿಯುಂಟು.

ಪ್ರಿಯ ಸಹೋದರಿಯರೇ, ಈ ಶಾಲೆಯ ಊಟದ ಮನೆಯನ್ನು ಬಿಟ್ಟು ನಾವು ದೂರ ದೂರ ಹೋಗಿದ್ದೇವೆ. ಅಲ್ಲಿ ನಮಗೆ ಬಡಿಸಿದ ಕೈಗಳಿಗೆ ಅಂದು ಕೃತಜ್ಞತೆ ಹೇಳದೆ ಎದ್ದವರು ನಮ್ಮಲ್ಲಿ ಅನೇಕರು. ಹಿಂದಿರುಗಲು ಎಲ್ಲರಿಗೂ ಆಗದು, ನೆನಪಾದಲ್ಲಿಯೇ ಹೇಳೋಣ.