ಹಳೆಯ ಜಿಪಿಎಸ್ ಲ್ಯಾಪ್‌ಟಾಪಿಗೆ ಕಾಣದಿದ್ದರೆ: ಒಳಗಿನ ಗಡಿ ಬಿಂದುಗಳನ್ನು ಹೊರಗೆ ತೆಗೆಯುವ ಕ್ರಮ

“ಹ್ವಾಯ್, ಹಳೇ ಜಿಪಿಎಸ್ ಲ್ಯಾಪ್‌ಟಾಪಿಗೆ ಕಾಂತಿಲ್ಲೆ, ಎಂತ ಮಾಡೂದ್?” ಹಟ್ಟಿಯಂಗಡಿಯ ನಮ್ಮ ಸಾವಯವ ಬೆಳೆಗಾರರ ನಡುವೆ ಈ ಪ್ರಶ್ನೆ ಮತ್ತೆ ಬಂದಿದೆ. ಯಂತ್ರ ಗಾರ್ಮಿನ್ ಇಟ್ರೆಕ್ಸ್, ಹಳದಿ ಬಣ್ಣದ ಹಳೇ ಮಾದರಿ. ಮೊಬೈಲಲ್ಲೇ ಜಿಪಿಎಸ್ ಇರುವಾಗ ಇದ್ಯಾಕೆ ಅಂತ ನೀವು ಕೇಳಬಹುದು. ಹೊಸ ಬಿಂದು ಗುರುತಿಸಲು ಮೊಬೈಲ್ ಸಾಕು, ಒಪ್ಪಿದೆ. ಆದರೆ ಈ ಯಂತ್ರದಲ್ಲಿರುವುದು ಆ ಮನೆಯ ಅಜ್ಜಯ್ಯ ವಾರಾಹಿ ಹೊಳೆಬದಿಯ ತೋಟದ ಅಂಚಿನಲ್ಲಿ ನಡೆದು ಹಾಕಿಸಿದ ಗುರುತುಗಳು. ಅಜ್ಜಯ್ಯ ಈಗಿಲ್ಲ. ಪಕ್ಕದ ಗದ್ದೆಯ ಸಿಂಪಡಣೆ ತಾಗದಂತೆ ಎಷ್ಟು ಜಾಗ ಬಿಟ್ಟಿದ್ದರು, ಹಳೇ ತೋಡು ಎಲ್ಲಿ ತಿರುಗುತ್ತಿತ್ತು, ಇದೆಲ್ಲ ಬೇರೆ ಎಲ್ಲೂ ಬರೆದಿಟ್ಟಿಲ್ಲ.

ಆದ್ದರಿಂದ ಮೊದಲ ಮಾತು: ರೀಸೆಟ್ ಮಾಡಬೇಡಿ. ಅಂಗಡಿಯವರು ಹೇಳಿದರೂ ಬೇಡ. ಲ್ಯಾಪ್‌ಟಾಪ್ ತೆರೆಯುವ ಮುಂಚೆ ಯಂತ್ರಕ್ಕೆ ಎರಡು ಹೊಸ ಎಎ ಸೆಲ್ ಹಾಕಿ, ಪರದೆಯ ಮೇಲೆ ಒಂದೊಂದೇ ಬಿಂದು ತೆರೆದು ಮೊಬೈಲಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಇಪ್ಪತ್ತು ಬಿಂದುಗಳಿಗೆ ಅರ್ಧ ಗಂಟೆ ಹಿಡಿಯಬಹುದು. ಮುಂದೆ ಏನೇ ಕೈಕೊಟ್ಟರೂ ಇಷ್ಟಾದರೂ ಉಳಿಯುತ್ತದೆ.

ಈಗ ಕೇಬಲ್ ನೋಡಿ. ಹಳದಿ ಇಟ್ರೆಕ್ಸಿನ ಹಿಂಬದಿ ರಬ್ಬರ್ ಮುಚ್ಚಳದ ಅಡಿ ನಾಲ್ಕು ಲೋಹದ ಬಿಂದುಗಳಿವೆ. ಅದಕ್ಕೆ ಗಾರ್ಮಿನ್ನಿನದೇ ಸೀರಿಯಲ್ ಕೇಬಲ್ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಆ ಬಿಂದುಗಳು ಹಸಿರು ಹಿಡಿಯುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿ. ಈ ಕೇಬಲ್ ದತ್ತಾಂಶ ಮಾತ್ರ ಸಾಗಿಸುತ್ತದೆ, ಕರೆಂಟು ಕೊಡುವುದಿಲ್ಲ. ಹಾಗಾಗಿ ಸಿಕ್ಕಿಸಿದಾಗ ಯಂತ್ರ ತಾನಾಗಿ ಆನ್ ಆಗಲಿಲ್ಲ ಎಂದರೆ ಕೇಬಲ್ ಹಾಳು ಎಂದು ಅರ್ಥವಲ್ಲ, ನೀವೇ ಆನ್ ಮಾಡಬೇಕು.

ಇಂದಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಆದ್ದರಿಂದ ಯುಎಸ್‌ಬಿ ಅಡಾಪ್ಟರ್ ನಡುವೆ ಬರುತ್ತದೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ತಕರಾರು ಇಲ್ಲೇ. ಅಡಾಪ್ಟರ್ ಸಿಕ್ಕಿಸಿ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಪೋರ್ಟ್ಸ್ ಎಂಬ ಸಾಲಿನಡಿ ಕಾಮ್ 3, ಕಾಮ್ 4 ಹೀಗೆ ಒಂದು ಸಂಖ್ಯೆ ಕಾಣಬೇಕು. ಹಳದಿ ಚಿಹ್ನೆಯ ಜೊತೆ “ಕೋಡ್ 10” ಬಂದರೆ ಜಿಪಿಎಸ್ಸನ್ನು ಬೈಯಬೇಡಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಗ್ಗದ ಅಡಾಪ್ಟರುಗಳಲ್ಲಿ ಪ್ರೊಲಿಫಿಕ್ ಪಿಎಲ್2303 ಚಿಪ್ಪಿನ ನಕಲು ಅಥವಾ ಹಳೇ ಆವೃತ್ತಿ ಇರುತ್ತದೆ, ಹೊಸ ಡ್ರೈವರ್ ಅದನ್ನು ಒಪ್ಪುವುದಿಲ್ಲ. ಹಳೇ ಡ್ರೈವರ್ ಹುಡುಕುತ್ತಾ ಕೂರುವ ಬದಲು ಎಫ್‌ಟಿಡಿಐ ಚಿಪ್ಪಿನ ಅಡಾಪ್ಟರ್ ತಗೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಕಾಮ್ ಸಂಖ್ಯೆ ಸರಿ ಬಂದೂ ಸಂಪರ್ಕ ಸಿಗಲಿಲ್ಲವೇ? ಯಂತ್ರದ ಸೆಟಪ್‌ನಲ್ಲಿ ಇಂಟರ್‌ಫೇಸ್ ನೋಡಿ. ಅಲ್ಲಿ ಎನ್‌ಎಂಇಎ ಎಂದಿದ್ದರೆ ಯಂತ್ರ ತಾನು ಈಗ ಎಲ್ಲಿದ್ದೇನೆ ಎಂಬುದನ್ನಷ್ಟೇ ಹೇಳುತ್ತಾ ಇರುತ್ತದೆ, ನೆನಪಿನಲ್ಲಿರುವುದನ್ನು ಕೊಡುವುದಿಲ್ಲ. ಅದನ್ನು ಗಾರ್ಮಿನ್ ಎಂದು ಬದಲಿಸಿ. ನಂತರ ಉಚಿತವಾಗಿ ಸಿಗುವ ಜಿಪಿಎಸ್‌ಬೇಬಲ್ ತಂತ್ರಾಂಶದಲ್ಲಿ ಇನ್‌ಪುಟ್ ಗಾರ್ಮಿನ್, ಪೋರ್ಟ್ ನಿಮ್ಮ ಕಾಮ್ ಸಂಖ್ಯೆ, ಔಟ್‌ಪುಟ್ ಜಿಪಿಎಕ್ಸ್ ಎಂದು ಆರಿಸಿ. ವೇಪಾಯಿಂಟ್, ಟ್ರ್ಯಾಕ್ ಎರಡಕ್ಕೂ ಟಿಕ್ ಹಾಕಿ. ಅದೇ ಪೋರ್ಟನ್ನು ಬೇರೆ ತಂತ್ರಾಂಶ ಹಿಡಿದುಕೊಂಡಿದ್ದರೆ ಮೊದಲು ಅದನ್ನು ಮುಚ್ಚಬೇಕು.

ನಿಮ್ಮದು ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಆಗಿದ್ದರೆ ಮಿನಿ ಯುಎಸ್‌ಬಿ ಕೇಬಲ್ ಸಾಕು, ಆದರೆ ಗಾರ್ಮಿನ್ ಯುಎಸ್‌ಬಿ ಡ್ರೈವರ್ ಬೇಕು. ಅದರಲ್ಲಿ ಮಾಸ್ ಸ್ಟೋರೇಜ್ ಆರಿಸಿದರೆ ಮೆಮೊರಿ ಕಾರ್ಡ್ ಮಾತ್ರ ತೆರೆಯುತ್ತದೆ. “ಬಿಂದುಗಳೆಲ್ಲ ಹೋದವು ಮಾರಾಯ್ರೆ” ಎಂದು ಗಾಬರಿಯಾಗಬೇಡಿ, ಅವು ಯಂತ್ರದ ಒಳಮೆಮೊರಿಯಲ್ಲೇ ಇವೆ. 2011ರಲ್ಲಿ ಬಂದ ಇಟ್ರೆಕ್ಸ್ 10, 20, 30ರಲ್ಲಿ ಈ ರಗಳೆ ಇಲ್ಲ. ಪೆನ್‌ಡ್ರೈವಿನ ಹಾಗೆ ತೆರೆದು ಜಿಪಿಎಕ್ಸ್ ಕಡತ ನಕಲು ಮಾಡಿದರಾಯಿತು. ಚಾರ್ಜಿಂಗಿಗೆ ಮಾತ್ರ ಬರುವ ಕೇಬಲ್ ಅಲ್ಲ ಎಂಬುದನ್ನು ನೋಡಿಕೊಳ್ಳಿ.

ಕಡತ ಸಿಕ್ಕಿತು ಅಂತಿಟ್ಟುಕೊಳ್ಳಿ. ದಿನಾಂಕ ವಿಚಿತ್ರವಾಗಿ ಕಾಣಬಹುದು. ಜಿಪಿಎಸ್ ವಾರಗಳ ಲೆಕ್ಕ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕೊನೆಯ ಬಾರಿ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ಆಮೇಲೆ ಕೆಲವು ಹಳೇ ಯಂತ್ರಗಳು 19 ವರ್ಷ ಏಳೂವರೆ ತಿಂಗಳು ಹಿಂದಿನ ದಿನಾಂಕ ತೋರಿಸುತ್ತವೆ. ಸ್ಥಳ ಮಾತ್ರ ಸರಿಯೇ ಇರುತ್ತದೆ. ಇನ್ನೊಂದು, ಹಳೇ ಮಾದರಿಗಳಲ್ಲಿ ಟ್ರ್ಯಾಕನ್ನು “ಸೇವ್” ಮಾಡಿದರೆ ಸಮಯದ ಗುರುತು ಅಳಿಸಿಹೋಗುತ್ತದೆ. ಹಾಗಾಗಿ ಆಕ್ಟಿವ್ ಲಾಗ್ ಇದ್ದರೆ ಸೇವ್ ಒತ್ತದೆ ಹಾಗೇ ಇಳಿಸಿಕೊಳ್ಳಿ. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಸಾವಯವ ದೃಢೀಕರಣದಲ್ಲಿ ಮೂರು ವರ್ಷದ ಪರಿವರ್ತನಾ ಅವಧಿ ಇದೆ. ಆ ಜಾಗವನ್ನು ಯಾವಾಗಿನಿಂದ ಬೇರೆ ಇಟ್ಟಿದ್ದೀರಿ ಎಂದು ಹೇಳುವಾಗ ದಿನಾಂಕವಿರುವ ಟ್ರ್ಯಾಕ್ ನಿಮ್ಮ ತೋಟದ ಡೈರಿಗೆ ಒಳ್ಳೆಯ ಜೊತೆ.

ಬಿಂದುಗಳನ್ನು ಕೈಯಲ್ಲಿ ಬರೆದುಕೊಂಡವರು ಮಿನಿಟ್ ಮತ್ತು ದಶಮಾಂಶ ಬೆರೆಸಬೇಡಿ. 74 ಡಿಗ್ರಿ 43 ಮಿನಿಟ್ ಎಂದರೆ 74.717. ಅದನ್ನೇ 74.43 ಎಂದು ಹಾಕಿದರೆ ನಿಮ್ಮ ತೋಟ 30 ಕಿ.ಮೀ. ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ಮೇಲೆ ತೇಲುತ್ತದೆ! ಯಂತ್ರದ ಸೆಟಪ್‌ನಲ್ಲಿ ಡೇಟಮ್ ಡಬ್ಲ್ಯುಜಿಎಸ್ 84 ಇದೆಯೇ ಎಂದೂ ನೋಡಿ.

ಜಿಪಿಎಕ್ಸ್ ಕಡತವನ್ನು ಮೊಬೈಲಿಗೆ ಕಳಿಸಿ ಓಸ್ಮ್ಯಾಂಡ್ ಆ್ಯಪಿನಲ್ಲಿ ತೆರೆದರೆ ಗುರುತು ಹಿಡಿದು ತೋಟದಲ್ಲೇ ನಡೆಯಬಹುದು. ಅಡಿಕೆ ಮರಗಳ ಅಡಿ ಐದಾರು ಮೀಟರ್ ಹೆಚ್ಚುಕಮ್ಮಿ ಬರುವುದು ಸಾಮಾನ್ಯ, ಅಂದರೆ 2.7 ಮೀಟರ್ ಅಂತರದ ತೋಟದಲ್ಲಿ ಎರಡು ಸಾಲು. ಬದು, ತೋಡು, ಬಿಟ್ಟ ಅಂಚು ಹುಡುಕಲು ಇಷ್ಟು ಸಾಕು. ಪಕ್ಕದವರ ಜೊತೆ ಗಡಿಕಲ್ಲಿನ ತಕರಾರು ಇದ್ದರೆ ಇದನ್ನು ಹಿಡಿದುಕೊಂಡು ಹೋಗಬೇಡಿ, ಅದಕ್ಕೆ ಸರ್ವೆಯವರೇ ಬಂದು ಅಳೆಯಬೇಕು.